ದಶರಥ ಆರಿಸಿದ ಜೀಪು

ಕೆಂಪು ಜೀಪಿನ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದ ದಶರಥ, ಅದರ ಮಾಲೀಕ ಗುಲಾಮ ದಸ್ತಗೀರನ ಕಡೆ ತಿರುಗಿ ನಕ್ಕ.

"ಸಾಬ್ರೇ, ನಾವು ಬರೂಕಿಂತ ಮೊದಲೇ ಇದನ್ನ ಎಬ್ಬಿಸಿ ಬೆಚ್ಚಗ ಮಾಡಿಟ್ಟೀರಿ. ತಣ್ಣಗಿದ್ದಾಗ ಚಾಲೂ ಆಗಂಗಿಲ್ಲೇನು?"

ಸುಲೇಪೇಟದಲ್ಲಿ ಹಳೆಯ ಗಾಡಿಗಳನ್ನು ಕೊಂಡು ಮಾರುವ ದಸ್ತಗೀರ ಬಾನೆಟ್ಟಿನ ಧೂಳು ಒರೆಸತೊಡಗಿದ. ದಶರಥನ ಜೊತೆಗೆ ಬಂದಿದ್ದ ಅವನ ಮಗಳು ಲುಂಬಿನಿ ಮುಖ ಬೇರೆ ಕಡೆ ತಿರುಗಿಸಿದಳು. ಅವಳು ಸೇಡಂನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ದಶರಥನಿಗೆ ಕಿವಿ ಕೇಳುತ್ತಿರಲಿಲ್ಲ. ಮೂವತ್ತು ವರ್ಷ ಕಲ್ಲಿನ ಗಣಿಯಲ್ಲಿ ಕಂಪ್ರೆಸರ್ ಯಂತ್ರ ನೋಡಿಕೊಂಡವನು. ಅದರ ಸದ್ದೇ ಅವನ ಕಿವಿಯನ್ನು ತಿಂದುಹಾಕಿತ್ತು. ಈಗ ಮನುಷ್ಯರ ಮಾತನ್ನು ತುಟಿ ನೋಡಿ ತಿಳಿಯುತ್ತಿದ್ದ, ಯಂತ್ರಗಳ ಮಾತನ್ನು ಕೈಯಿಂದ.

ಜೇಬಿನಿಂದ ಪುಟ್ಟ ಆಯಸ್ಕಾಂತ ತೆಗೆದು ಮಡ್‌ಗಾರ್ಡಿಗೆ ಹಚ್ಚಿದ. ಅದು ಅಂಟದೆ ಜಾರಿ ಮಣ್ಣಿಗೆ ಬಿತ್ತು. "ಇಲ್ಲಿ ತಗಡೇ ಇಲ್ಲ. ತೂತಿಗೆ ಪುಟ್ಟಿ ಮೆತ್ತಿ ಮ್ಯಾಲ ಬಣ್ಣ ಹೊಡದೀರಿ." ಹೆಗಲ ಮೇಲಿನ ಟವೆಲ್ ಹಾಸಿ ಗಾಡಿಯ ಕೆಳಗೆ ಮಲಗಿ ನೋಡಿ ಎದ್ದು ಬಂದ. "ನಾಕೂ ಗಾಲಿ ಎಳೀತಾವ ಅಂದ್ರಿ. ಮುಂದಿನ ಗಾಲಿಗೆ ಹೋಗೂ ಶಾಫ್ಟೇ ಇಲ್ಲಲ್ರಿ! ಇದು ಮದುವಿ ಮೆರವಣಿಗಿಗೆ ಛಲೋ ಅದ. ನನಗ ಬ್ಯಾಡ."

ಲುಂಬಿನಿಗೆ ಒಳಗೊಳಗೇ ಹಗುರವಾಯಿತು. ಅಪ್ಪನಿಗೆ ಕಾಣುವಂತೆ ಎದುರಿಗೆ ಬಂದು, "ನಡಿ ಅಪ್ಪಾ, ಬಸ್ಸಿಗೆ ಹೊತ್ತಾತು" ಎಂದಳು.

ಆದರೆ ಅಪ್ಪನ ಕಣ್ಣು ಆಗಲೇ ಹಿತ್ತಲಿಗೆ ಹೋಗಿತ್ತು. ಅಲ್ಲಿ ಬೇವಿನ ಮರದ ಕೆಳಗೆ, ಹರಿದ ಟಾರ್ಪಾಲ್ ಹೊದ್ದು ಹಸಿರು ಜೀಪೊಂದು ನಿಂತಿತ್ತು.

"ಅದು ಮಾರಾಟ ಆಗ್ಯದ ಕಾಕಾ" ಎಂದ ದಸ್ತಗೀರ.

"ಆಗ್ಲಿ. ನೋಡಾಕ ಏನು ತ್ರಾಸು?"

ಅರ್ಧ ಗಂಟೆ ನೋಡಿದ. ಆಯಸ್ಕಾಂತ ಎಲ್ಲಿ ಹಚ್ಚಿದರೂ ಟಕ್ಕನೆ ಅಂಟಿತು. ಬಾನೆಟ್ ತಣ್ಣಗಿತ್ತು, ಆದರೂ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಇಂಜಿನ್ ಹಿಡಿದುಕೊಂಡಿತು. ಸೈಲೆನ್ಸರ್ ಬಾಯಿಗೆ ಅಂಗೈ ಒಡ್ಡಿ ಕಣ್ಣು ಮುಚ್ಚಿದ. ಆಮೇಲೆ ದಸ್ತಗೀರನ ಕೈಯಿಂದಲೇ ಗಾಡಿಯನ್ನು ಪಕ್ಕದ ಮಣ್ಣಿನ ಗುಡ್ಡೆಗೆ ಹತ್ತಿಸಿ, ಮುಂದಿನ ಗಾಲಿಗಳು ಮಣ್ಣು ಕಚ್ಚಿ ಮೇಲೇರುವುದನ್ನು ಕುಕ್ಕರುಗಾಲಿನಲ್ಲಿ ಕುಳಿತು ನೋಡಿದ.

"ರೇಡಿಯೇಟರ್ ಸೋರ್ತದ. ಕ್ಲಚ್ ಸವದದ. ಅರ್ಧ ವಯರಿಂಗ್ ಇಲಿ ತಿಂದಾವ." ಹಬ್ಬದ ಅಡುಗೆ ಹೆಸರಿಸಿದಂತೆ ಒಂದೊಂದನ್ನೇ ಹೇಳಿದ. "ಆದ್ರ ಚಾಸಿ ಗಟ್ಟಿ ಅದ, ಬ್ರೇಕ್ ಹಿಡೀತದ. ಕೆಟ್ಟದ್ದೆಲ್ಲ ನನ್ನ ಕೈಲಿ ಆಗೂವಂಥಾದ್ದೇ. ಇದಾ ಬೇಕು."

ದಸ್ತಗೀರ ಇಕ್ಕಟ್ಟಿಗೆ ಸಿಕ್ಕಿದ. ಲುಂಬಿನಿಯ ಹತ್ತಿರ ಬಂದು ದನಿ ತಗ್ಗಿಸಿ, "ಟೀಚರ್, ಕೆಟ್ಟ ಗಾಡಿ ತೋರಿಸ್ರಿ, ಛಲೋದು ಮಾರಿ ಹೋಗ್ಯದ ಅನ್ರಿ ಅಂತ ನೀವಾ ಫೋನ್ ಮಾಡಿದ್ರಿ. ಈಗ ಏನ್ ಹೇಳ್ಲಿ?" ಎಂದ.

ಅವನು ಪಿಸುಗುಟ್ಟಿದ್ದ. ಆದರೆ ದಶರಥನಿಗೆ ಪಿಸುಮಾತೂ ಕೂಗೂ ಒಂದೇ. ತುಟಿ ಕಂಡರೆ ಸಾಕು. ಅವನು ಮಗಳನ್ನು ನೋಡಿದ. ಲುಂಬಿನಿಯ ಕಣ್ಣು ತುಂಬಿಬಂತು.

"ಹೌದಪ್ಪಾ, ನಾನೇ ಹೇಳಿದೆ. ಹೋದ ವರ್ಷ ವಾಡಿ ರೋಡಿನ್ಯಾಗ ಹಿಂದಿನಿಂದ ಲಾರಿ ಬಂದಾಗ ನಿನಗ ಕೇಳಿಸ್ಲಿಲ್ಲ. ಒಂದು ಗೇಣು ಉಳದಿತ್ತು ಅಷ್ಟೇ. ನಾ ಕಣ್ಣಾರೆ ನೋಡೀನಿ. ಅದಕ್ಕಾ ನಿನ್ನ ಬೈಕ್ ಮಾರಿದೆ. ಈಗ ಜೀಪ್ ಕೊಡಿಸಿ ಮತ್ತ ಅದೇ ರೋಡಿಗೆ ಹೆಂಗ ಬಿಡ್ಲಿ?"

ದಶರಥ ಕೈಯ ಮಸಿಯನ್ನು ಟವೆಲ್ಲಿಗೆ ಒರೆಸಿಕೊಂಡ.

"ಬೈಕ್ ಮಾರಿದಾಗ ನಾ ಏನಾರ ಅಂದೆನೇನು? ರೋಡಿನ ಮ್ಯಾಲ ಗಾಡಿ ಹೊಡೀಬಾರ್ದು ಅಂಬೋದು ನನಗೂ ತಿಳೀತದವ್ವಾ. ನಾ ಹೊಡಿಯಂಗಿಲ್ಲ. ಕಿವಿ ಹೋಗ್ಯದ, ಕೈ ಇನ್ನೂ ಅವ. ಒಂದು ವರ್ಷ ಆತು, ಇವನ್ನ ತೊಡಿ ಮ್ಯಾಲ ಇಟ್ಕೊಂಡು ಕುಂತೀನಿ."

"ಮತ್ತ ಯಾರು ಹೊಡೀತಾರ?"

"ನೀನು. ಲೈಸನ್ಸ್ ಮಾಡಿಸಿ ನಾಕು ವರ್ಷ ಆತು. ಪರ್ಸಿನ್ಯಾಗ ಇಟ್ಕೊಂಡು ತಿರಗಾಡ್ತಿ."

ಲುಂಬಿನಿ ದಸ್ತಗೀರನ ಮುಖ ನೋಡಿದಳು. ಅವನು ಒಳಗೆ ಹೋಗಿ ಹಸಿರು ಜೀಪಿನ ಕಾಗದ ಪತ್ರ ತಂದು ಅವಳ ಕೈಗೇ ಕೊಟ್ಟ. ಅವಳು ನಿಂತಲ್ಲೇ ಎರಡು ಸಲ ಓದಿದಳು. ಆರ್.ಸಿ., ಫಿಟ್ನೆಸ್, ವಿಮೆ ಎಲ್ಲವೂ ಚಾಲ್ತಿಯಲ್ಲಿದ್ದವು. ಚಾಸಿಯ ಮೇಲಿನ ನಂಬರನ್ನು ತಾನೇ ಬಗ್ಗಿ, ಒಂದೊಂದೇ ಅಂಕಿ ತಾಳೆ ನೋಡಿದಳು. ಬೆಲೆಯ ಮಾತುಕತೆ ಒಂದು ಕಪ್ ಚಹಾ ಮುಗಿಯುವುದರೊಳಗೆ ಮುಗಿಯಿತು.

ಸೇಡಂ ರಸ್ತೆಗೆ ಇಳಿದಾಗ ಅವಳ ಬೆರಳುಗಳು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಿದ್ದವು. ಎಡ ಬದಿ ಬಿಡದೆ, ಎತ್ತಿನ ಬಂಡಿಯ ಹಿಂದೆ ಬಂಡಿಯಷ್ಟೇ ಮೆಲ್ಲಗೆ ನಡೆಸಿದಳು. ಬಂಡಿ ಹೊಲದ ದಾರಿಗೆ ತಿರುಗಿದ ಮೇಲೂ ಅವಳ ಕಾಲು ಎಕ್ಸಲರೇಟರ್ ಒತ್ತಲು ಅಂಜಿತು. ಪಕ್ಕದಲ್ಲಿ ಕುಳಿತ ದಶರಥ ಕನ್ನಡಿಯಲ್ಲಿ ನೋಡಿದ. ಹಿಂದೆ ಕಲ್ಲು ತುಂಬಿದ ಲಾರಿಯೊಂದು ದೀಪ ಮಿನುಗಿಸುತ್ತಿತ್ತು.

"ಏನಂತಾನ ಅಂವ?"

ಲುಂಬಿನಿ ಒಂದು ಗಳಿಗೆ ಮಾತ್ರ ಮುಖ ತಿರುಗಿಸಿದಳು. "ಒಂದೇ ಸವನ ಹಾರ್ನ್ ಹೊಡ್ಯಾಕತ್ಯಾನ ಅಪ್ಪಾ."

"ಹೊಡೀಲಿ ಬಿಡು. ನನಗಂತೂ ಕೇಳಸಂಗಿಲ್ಲ" ಎಂದ ದಶರಥ. "ನೀನೂ ಕೇಳಿಸ್ಕೋಬ್ಯಾಡ."