ರಟ್ಟಿನ ಮಿಷಿನ್ನಿನ ಮಾತು

ವಾಷಿಂಗ್ ಮಿಷಿನ್ನಿನ ಹೊಟ್ಟೆಯೊಳಗೆ ಮಂಡಿ ಮಡಚಿಕೊಂಡು ಕೂತಿದ್ದವನು ಹೊರಗಿನ ದನಿ ಕೇಳಿದ್ದೇ ಇನ್ನಷ್ಟು ಮುದುಡಿಕೊಂಡ. ಅದು ಅವನ ಹೆಂಡತಿಯ ದನಿ.

ಮಿಷಿನ್ ನಿಜದ್ದಲ್ಲ, ರಟ್ಟಿನದು. ಏನನ್ನೇ ಆಗಲಿ ತಯಾರಿಸುವ ಮೊದಲು ಇಂಥದೊಂದು ರಟ್ಟಿನ ಗೂಡು ಮಾಡಿ, ಒಳಗೆ ಒಬ್ಬನನ್ನು ತುರುಕಿ, ಬಳಸುವವರನ್ನು ಕರೆದು ನೋಡುವುದು ಆ ಕಂಪನಿಯ ಪದ್ಧತಿ. ಹೊರಗಿನವರು ಬಣ್ಣ ಬಳಿದ ಬಟನ್ ಒತ್ತಿದಾಗ ಒಳಗಿನವನು ಅಕ್ಷರ ಮೂಡುವ ಪರದೆಯ ಜಾಗದಲ್ಲಿ ಕೊರೆದ ಕಿಂಡಿಯಿಂದ ಒಂದು ಚೀಟಿ ತೂರಿಸಬೇಕು. ಅಚ್ಚು ಹಾಕಿಟ್ಟ ಚೀಟಿ ಹೊಂದದಿದ್ದರೆ ಖಾಲಿ ಚೀಟಿಯಲ್ಲಿ ಬರೆಯಬಹುದು. ಬಾಯಿ ಮಾತ್ರ ಬಿಡುವಂತಿಲ್ಲ. ವಾಷಿಂಗ್ ಮಿಷಿನ್ ಎಲ್ಲಾದರೂ ಮಾತಾಡುತ್ತದೆಯೇ?

ಹೆಂಡತಿ ವಾರದ ಹಿಂದೆ ಹೊಲಿಗೆ ಯಂತ್ರ ಹೊತ್ತುಕೊಂಡು ಅಕ್ಕನ ಮನೆ ಸೇರಿದ್ದಳು. ಅಲ್ಲಿಂದಾಚೆ ಅವನ ಹತ್ತಿರ ಮಾತಿಲ್ಲ. ಇವತ್ತು ಮಿಷಿನ್ ಬಳಸಿ ನೋಡಲು ಬರಬೇಕಾಗಿದ್ದವಳು ಆ ಅಕ್ಕ.

"ಅಕ್ಕನಿಗೆ ಹಲ್ಲುನೋವು, ಅದಕ್ಕೆ ನಾನು ಬಂದೆ," ಎಂದಳು ಮ್ಯಾನೇಜರ್ ಮೇಡಂಗೆ. ಗಂಡ ಇಲ್ಲೇ ಕೆಲಸ ಮಾಡುತ್ತಾನೆ ಅನ್ನೋದನ್ನು ಮಾತ್ರ ಹೇಳಲಿಲ್ಲ.

"ಒಳ್ಳೇದಾಯ್ತು. ನೋಡಿ, ನಾವು ನಿಮ್ಮನ್ನ ಪರೀಕ್ಷೆ ಮಾಡ್ತಿಲ್ಲ, ಮಿಷಿನ್ನನ್ನ ಮಾಡ್ತಿದೀವಿ. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಅಂತಿರಿ."

"ಏನು ಬೇಕಾದ್ರೂ ಅನ್ನಬಹುದಾ?"

"ಬೈದ್ರೂ ಸರಿ. ಬರ್ಕೋತೀವಿ."

ಅವಳು ಹಸಿರು ಬಟನ್ ಒತ್ತಿದಳು. ಕಿಂಡಿಯಲ್ಲಿ ಚೀಟಿ ಬಂತು: ದಯವಿಟ್ಟು ಕಾಯಿರಿ.

"ಎಷ್ಟೊತ್ತು ಕಾಯಬೇಕು? ಒಳಗೆ ಏನಾದ್ರೂ ಮಾಡ್ತಿದ್ದೀಯೋ, ನಿದ್ದೆ ಹೊಡೀತಿದ್ದೀಯೋ? ನಮ್ಮ ಮನೇಲೂ ಒಂದಿದೆ ಮೇಡಂ, ಥೇಟ್ ಇಂಥದ್ದೇ. ಬೀದಿ ಕಡೆ ಕೋಣೆ ತುಂಬ ರಟ್ಟಿನ ಕಸ ಪೇರಿಸಿಟ್ಟಿದೆ. ಖಾಲಿ ಮಾಡಿಕೊಡಿ, ಹೊಲಿಗೆ ಅಂಗಡಿ ಇಡ್ತೀನಿ ಅಂದ್ರೆ 'ನೋಡೋಣ' ಅನ್ನುತ್ತೆ. ಏನು ನೋಡುತ್ತೋ, ಎಲ್ಲಿ ನೋಡುತ್ತೋ!"

"ಶಹಬ್ಬಾಸ್!" ಮೇಡಂ ಕುರ್ಚಿ ಮುಂದಕ್ಕೆಳೆದುಕೊಂಡರು. "ಒಳಗೇನು ನಡೀತಿದೆ ಅಂತ ಹೊರಗಿನವರಿಗೆ ತಿಳೀಬೇಕು. ಇನ್ನೂ ಹೇಳಿ, ಇನ್ನೂ ಹೇಳಿ."

ಅವಳು ನೀಲಿ ಬಟನ್ ಒತ್ತಿದಳು. ಒಳಗಿದ್ದವನು ಗಾಬರಿಯಲ್ಲಿ ಕೈಗೆ ಸಿಕ್ಕಿದ ಚೀಟಿ ತೂರಿಸಿದ: ತಪ್ಪು ಆಯ್ಕೆ.

"ನಂದಾ ತಪ್ಪು?" ಅವಳು ಕೊಟ್ಟ ಗುದ್ದಿಗೆ ರಟ್ಟು ತಗ್ಗಿ ಅವನ ನೆತ್ತಿಗೆ ಬಡಿಯಿತು. "ಅಲ್ಲೂ ಇದೇ ಮಾತು, ಇಲ್ಲೂ ಇದೇ ಮಾತು! ಹೋಗ್ಲಿ, ಸಿಟ್ಟಲ್ಲಿ ಏನೋ ಒಂದು ಒತ್ತಿಬಿಟ್ಟೆ ಅಂತಲೇ ಇಟ್ಕೋ. ವಾಪಸ್ ಬರೋಕೆ ಒಂದು ಬಟನ್ ಆದ್ರೂ ಬೇಡ್ವಾ? ಒಂದ್ಸಲ ಹೊರಟವರು ಹೊರಟೇ ಹೋಗ್ಬೇಕಾ?"

ವಾಪಸ್ ಬರಲು ದಾರಿ ಇರಬೇಕು, ಎಂದು ಮೇಡಂ ಬರೆದು ಕೆಳಗೆ ಎರಡು ಗೆರೆ ಎಳೆದರು.

ಒಳಗೆ ಮುಖ ಒದ್ದೆಯಾದದ್ದು ಸೆಖೆಗೋ ಅಳುವಿಗೋ ಅವನಿಗೇ ಗೊತ್ತಾಗಲಿಲ್ಲ. ಖಾಲಿ ಚೀಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕತ್ತಲಲ್ಲೇ ಗೀಚಿ ಹೊರಗೆ ದೂಡಿದ: ತಪ್ಪು ನನ್ನದು.

ಅವಳು ಚೀಟಿಯನ್ನು ಕೈಗೆತ್ತಿಕೊಂಡಳು. ಒಂದಕ್ಷರದ ಬಾಲ ಮುಂದಿನ ಅಕ್ಷರದ ಸೊಂಟಕ್ಕೆ ಒದೆಯುವಂಥ ಬರವಣಿಗೆ ಇಡೀ ಊರಿನಲ್ಲಿ ಒಬ್ಬನದೇ. ಬಗ್ಗಿ, ಕಿಂಡಿಗೆ ಬಾಯಿಟ್ಟು, ದನಿ ತಗ್ಗಿಸಿ ಕೇಳಿದಳು.

"ಬರೀ ತಪ್ಪು ಒಪ್ಕೊಂಡ್ರೆ ಆಯ್ತೇನ್ರೀ? ಮುಂದೇನು ಅಂತ ಹೇಳೋದು ಬೇಡ್ವಾ?"

ಚೀಟಿ ಬಂತು: ಬೀದಿ ಕಡೆಯ ಕೋಣೆ ಖಾಲಿ ಮಾಡುತ್ತೇನೆ.

"ಯಾವಾಗ?"

ಒಳಗೆ ಪೆನ್ಸಿಲ್ ಮುರಿದ ಸದ್ದು. ಮುರುಕು ಮೊನೆಯಲ್ಲೇ ಗೀಚಿದ ಇನ್ನೊಂದು ಚೀಟಿ: ಭಾನುವಾರ.

ಅವಳು ನಕ್ಕಳು. 'ಸರಿ' ಎಂದು ಬರೆದಿದ್ದ ಬಟನ್ ಹುಡುಕಿ ಗಟ್ಟಿಯಾಗಿ ಒತ್ತಿ, ಚೀಲ ಹೆಗಲಿಗೇರಿಸಿಕೊಂಡಳು. "ಇದು ಬಟ್ಟೆ ಒಗೆಯುತ್ತೋ ಇಲ್ವೋ ಗೊತ್ತಿಲ್ಲ ಮೇಡಂ. ಆದ್ರೆ ಕೇಳಿದ್ದಕ್ಕೆ ಉತ್ತರ ಕೊಡುತ್ತೆ. ಅಷ್ಟು ಸಾಕು."

ಅವಳು ಹೋದಮೇಲೆ ಮೇಡಂ ಚೀಟಿಗಳನ್ನು ಆಯ್ದುಕೊಂಡು ಗೂಡಿನ ಹಿಂಬದಿ ತೆರೆದರು. "ಏನ್ರೀ ಇದೆಲ್ಲ? ವಾಷಿಂಗ್ ಮಿಷಿನ್ನಿಗೂ ಬೀದಿ ಕಡೆ ಕೋಣೆಗೂ ಏನ್ರೀ ಸಂಬಂಧ?"

"ತೆಗೆದುಬಿಡ್ತೀನಿ ಮೇಡಂ," ಎಂದ ಅವನು, ಜೋಮು ಹಿಡಿದ ಕಾಲು ನೀವಿಕೊಳ್ಳುತ್ತ.

"ಮುಟ್ಟಿದ್ರೆ ನೋಡಿ! ಬೆಳಗ್ಗಿಂದ ಬಂದವರಲ್ಲಿ ನಕ್ಕೊಂಡು ಹೋದವರು ಇವರೊಬ್ಬರೇ. ಬಳಸೋರು ನಕ್ಕ ಕಡೆ ನಾವು ಕೈ ಹಾಕೋ ಹಾಗಿಲ್ಲ. ಒಂದಕ್ಷರಾನೂ ಬದಲಾಗಕೂಡದು."

ಈಗ ಆ ಮಿಷಿನ್ ಊರ ತುಂಬ ಇದೆ. ಬಟ್ಟೆ ತುಂಬಿ ಹಸಿರು ಬಟನ್ ಒತ್ತಿದರೆ ಪರದೆಯ ಮೇಲೆ ಮೊದಲು ಮೂಡುವುದು ಇದೇ: 'ತಪ್ಪು ನನ್ನದು. ಬೀದಿ ಕಡೆಯ ಕೋಣೆ ಖಾಲಿ ಮಾಡುತ್ತೇನೆ. ಭಾನುವಾರ.' ಇಲ್ಲಿಯವರೆಗೆ ಒಬ್ಬ ಹೆಂಗಸೂ ದೂರು ಕೊಟ್ಟಿಲ್ಲ. ಭಾನುವಾರ ಬೆಳಗ್ಗೆ ಯಾವ ಬೀದಿಗೆ ಹೋದರೂ ಗಂಡಸರು ಮುರುಕು ಕುರ್ಚಿ, ತುಕ್ಕು ಹಿಡಿದ ಸೈಕಲ್ಲು, ಹಳೇ ಪೆಟ್ಟಿಗೆಗಳನ್ನು ಹೊತ್ತು ಏದುಸಿರು ಬಿಡುತ್ತ ಹೊರಗೆ ಬರುತ್ತಿರುತ್ತಾರೆ. ಯಾಕ್ರೀ ಎಂದು ಕೇಳಿದರೆ, ಒಮ್ಮೆ ಹಿಂದಿರುಗಿ ಬಾಗಿಲ ಕಡೆ ನೋಡಿ, ಪಿಸುಗುಟ್ಟುತ್ತಾರೆ:

"ಮಿಷಿನ್ ಮಾತು ಕೊಟ್ಟುಬಿಟ್ಟಿದೆ."