ಎದುರುಬದುರು

"ಏಳ, ಹೊರಗ ಹೋಗಿ ಬುತ್ತಿ ಬಿಚ್ಚೂಣು," ಎಂದು ದುಂಡಪ್ಪ ತಾಟನ್ನು ಅತ್ತ ಸರಿಸಿದ. ಸಾರು ನೀರಿನಂತಿತ್ತು, ಅನ್ನ ಬೆಂದಿರಲಿಲ್ಲ. ಊಟವೊಂದಕ್ಕೆ ಎರಡು ರೂಪಾಯಿ. ಅಷ್ಟರಲ್ಲಿ ರಬಕವಿಯಲ್ಲಿ ಮನೆಮಂದಿಯೆಲ್ಲ ಎರಡು ದಿನ ಉಣ್ಣಬಹುದಿತ್ತು. ಸಾತಾರೆಗೆ ಸೀರೆ ಮಾರಲು ಬಂದವನು, ಹೆಂಡತಿಗೆ ಮಹಾಬಳೇಶ್ವರ ತೋರಿಸಿ ಹೋಟೆಲಿನಲ್ಲಿ ಕುರ್ಚಿಯ ಮೇಲೆ ಕೂರಿಸಿ ಉಣಿಸುತ್ತೇನೆಂದು ಹಟ ಹಿಡಿದು ಕರೆತಂದಿದ್ದ. ಈಗ ಅವಳ ಮುಖ ನೋಡಲೂ ನಾಚಿಕೆಯಾಗುತ್ತಿತ್ತು.

ಅನಸವ್ವ ಏಳಲಿಲ್ಲ. ಆ ಅರೆಬೆಂದ ಅನ್ನವನ್ನೇ ಕಲಸಿ, ಸಣ್ಣ ಸಣ್ಣ ತುತ್ತು ಮಾಡಿ ಬಾಯಿಗಿಡುತ್ತಿದ್ದಳು.

"ಬಿಡ, ಹೊಟ್ಟಿ ಕೆಟ್ಟೀತು. ಮೋಸ ಮಾಡ್ಯಾರ ಇವರು ನಮಗ."

"ಖರೆ ರೀ. ಆದ್ರೂ ಸ್ವಲ್ಪ ಕುಂದರ್ರಿ," ಎಂದಳು ಅವಳು, ತಲೆಯೆತ್ತದೆ. "ಮನ್ಯಾಗ ನೀವು ಉಂಡು ಮಗ್ಗಕ್ಕ ಕುಂತ ಮ್ಯಾಲ ನಾ ಒಬ್ಬಾಕಿನ ಒಲಿ ಮುಂದ ಉಣ್ಣಾಕಿ. ನಿಮ್ಮ ಎದುರಿಗೆ ಕುಂತು ಉಣ್ಣೂದು ಇವತ್ತ ಮೊದಲ."

ಬುತ್ತಿಯ ಗಂಟಿಗೆ ಚಾಚಿದ್ದ ದುಂಡಪ್ಪನ ಎಡಗೈ ಅಲ್ಲೇ ನಿಂತಿತು. ಅವಳು ತುತ್ತು ನುಂಗುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚುತ್ತಾಳೆಂಬುದು, ಮದುವೆಯಾಗಿ ಇಷ್ಟು ವರ್ಷವಾದರೂ ಅವನಿಗೆ ಗೊತ್ತಿರಲಿಲ್ಲ. ಸರಿಸಿದ್ದ ತಾಟನ್ನು ಮತ್ತೆ ಹತ್ತಿರ ಎಳೆದುಕೊಂಡ.

ಬಿಲ್ಲು ಹಿಡಿದು ಬಂದ ಮಾಣಿಗೆ, ಇನ್ನಷ್ಟು ಅನ್ನ ತರುವಂತೆ ಮರಾಠಿಯಲ್ಲಿ ಹೇಳಿದ. ಅದಕ್ಕೆ ಬೇರೆ ರೊಕ್ಕ ಕೊಡಬೇಕಾಗುತ್ತದೆ ಎಂದು ಮಾಣಿ ಎಚ್ಚರಿಸಿದ.

ದುಂಡಪ್ಪ ಹೆಂಡತಿಯ ಮೇಲಿಂದ ಕಣ್ಣು ಕೀಳದೆ, "ಆಗಲಿ," ಎಂದ. "ಸಾವಕಾಶ ತಗೊಂಡು ಬಾ."