ಹಿಂದುಮುಂದು ಕೇಳಲು ಬಂದವಳು

ನಲವತ್ತು ವರ್ಷಗಳ ಹಿಂದೆ ವಿಜ್ಞಾನಿ ಗುರುಪಾದಪ್ಪನವರು ಬಸ್ಸಿನಲ್ಲಿ, ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ ಬಯಲುಸೀಮೆಯನ್ನೆಲ್ಲ ಅಲೆದು, ಕಚೇರಿಗಳ ಅಟ್ಟದಲ್ಲಿ ಗೆದ್ದಲಿನ ಪಾಲಾಗುತ್ತಿದ್ದ ತಾಪಮಾನದ ದಾಖಲೆಗಳನ್ನು ಹೆಕ್ಕಿ ತಂದಿದ್ದರು. ಆ ಸೀಮೆಯ ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆಯೆಂದು ಮೊದಲು ತೋರಿಸಿಕೊಟ್ಟವರು ಅವರೇ.

ಈಗ, ಅವರು ಗೆಳೆಯರೊಬ್ಬರಿಗೆ ಬರೆದಿದ್ದ ಖಾಸಗಿ ಇಮೇಲನ್ನು ಯಾರೋ ಕದ್ದು, ಅದರ ಒಂದೇ ಸಾಲನ್ನು ಲೋಕಕ್ಕೆಲ್ಲ ಹಂಚಿದ್ದರು: “ನಾನು ಅಂಕಿಗಳನ್ನು ತಿದ್ದಿದ್ದೇನೆ.” ವಾರದಿಂದ ಎಲ್ಲ ಚಾನೆಲ್ಲುಗಳಲ್ಲೂ ಅವರು ಸುಳ್ಳುಗಾರರು.

ಆ ಸಾಲಿನ ಹಿಂದುಮುಂದು ಕೇಳಲು ಅವರ ಮನೆಗೆ ಬಂದವಳು ಈ ಯುವ ವರದಿಗಾರ್ತಿಯೊಬ್ಬಳೇ. ಕ್ಯಾಮೆರಾ ಹೂಡಿ, “ಪೂರ್ತಿ ಹೇಳ್ರಿ ಸರ್, ನನಗೇನೂ ಅವಸರಿಲ್ಲ” ಎಂದಳು.

“ಏನ್ ಹೇಳ್ಲಿ ತಂಗಿ! ಹಾಲಿನಾಂವನೂ ಕೇಳ್ತಾನ, ‘ಇವತ್ತಿನ ಬಿಸಿಲು ಎಷ್ಟಕ್ಕ ತಿದ್ದೀರಿ ಸರ?’ ಅಂತ.” ಗುರುಪಾದಪ್ಪನವರು ದಣಿದ ಕಣ್ಣುಗಳನ್ನೊರೆಸಿಕೊಂಡರು. “ಮೊದಲು ಬಯಲಾಗ ಇದ್ದ ಥರ್ಮಾಮೀಟರನ್ನ ಕಚೇರಿ ಮಾಳಿಗಿ ಮ್ಯಾಲೆ ಇಟ್ರು. ಮಾಳಿಗಿ ಕಾದು ಅಂಕಿ ಸುಳ್ಳೇ ಏರ್ತು. ಅದಕ್ಕ ನಾ ಅಂಕಿ ತಿದ್ದೀನಿ. ತಿದ್ದಿ ಇಳಿಸೀನಿ, ಏರಿಸಿಲ್ಲ! ಇಳಿಸಿದ ಮ್ಯಾಲೂ ಬಿಸಿಲು ಏರಿದ್ದು ಕಾಣ್ತದ. ಮೋಸ ಮಾಡಾಂವ ಇಳಿಸ್ತಿದ್ನೇನು?”

“ಎಷ್ಟು ಚಂದ ಬಿಡಿಸಿ ಹೇಳಿದ್ರಿ ಸರ್!”

ವಾರದ ಮೇಲೆ ಮೊದಲ ಸಲ ಗುರುಪಾದಪ್ಪನವರು ಕುರ್ಚಿಗೆ ಬೆನ್ನು ಕೊಟ್ಟು ಉಸಿರು ಬಿಟ್ಟರು. ಹುಡುಗಿ ಕ್ಯಾಮೆರಾವನ್ನು ಅವರ ಮುಖದ ಹತ್ತಿರಕ್ಕೆ ತಂದಳು.

“ಇನ್ನೊಮ್ಮೆ ಹೇಳ್ತೀರೇನ್ರಿ ಸರ್? ಎಲ್ಲಾ ಬ್ಯಾಡ್ರಿ. ‘ನಾ ಅಂಕಿ ತಿದ್ದೀನಿ’ ಅನ್ನೋದಷ್ಟ ಸಾಕ್ರಿ.”